ಪಾರ್ಟು ಬಲ್ಲವರಿಗೆ ಟ್ರೂಪ್ ಯಾಕೆ ಕಷ್ಟ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸೀಮೆಯ ಯಾವುದಾದರೂ ಹಳ್ಳಿಯಲ್ಲಿ ‘ಕುರುಕ್ಷೇತ್ರ’ ಆಡಿಸಬೇಕೆಂಬ ಮಾತು ಹುಟ್ಟಿದರೆ ಸಾಕು, ಶಾಲೆಯ ಮುಖ ಕಾಣದ ಹಿರಿಯರ ಬಾಯಲ್ಲೂ ಇಂಗ್ಲಿಷ್ ಓಡಾಡತೊಡಗುತ್ತದೆ. ದುರ್ಯೋಧನನ ಪಾರ್ಟು ಯಾರಿಗೆ, ಡ್ರಾಮಾ ಮೇಷ್ಟ್ರು ಎಷ್ಟು ಕೇಳುತ್ತಾರೆ, ಸೀನರಿ ಎಲ್ಲಿಂದ ತರಿಸುವುದು ಎಂಬ ಚರ್ಚೆ ಅರಳಿಕಟ್ಟೆಯಲ್ಲಿ ರಾತ್ರಿಯವರೆಗೂ ನಡೆಯುತ್ತದೆ. ಈ ಪದಗಳನ್ನು ಯಾರೂ ಉರು ಹೊಡೆದವರಲ್ಲ. ಅದೇ ಹಳ್ಳಿಯ ಹೈಸ್ಕೂಲು ಹುಡುಗನಿಗೆ ಮಾತ್ರ ಸಮೂಹವಾಚಕ ಪದಗಳ ಪಟ್ಟಿಯಲ್ಲಿ ಬರುವ ‘ಟ್ರೂಪ್’ ತಲೆಗೆ ಹತ್ತುವುದಿಲ್ಲ. ಹಡಗುಗಳಿಗೆ ಫ್ಲೀಟ್, ಕುರಿಗಳಿಗೆ ಫ್ಲಾಕ್, ಕಲಾವಿದರಿಗೆ ಟ್ರೂಪ್ ಎಂದು ಬರೆದುಕೊಂಡು, ಪರೀಕ್ಷೆ ಮುಗಿದ ಮರುವಾರ ಮರೆಯುತ್ತಾನೆ. ದಡ್ಡತನ ಹುಡುಗನದಲ್ಲ, ಪಟ್ಟಿಯದು. ಪದಾರ್ಥದ ಜೊತೆಯಲ್ಲಿ ಬಂದ ಪದ ಉಳಿಯುತ್ತದೆ, ಪದಾರ್ಥವನ್ನು ಹೊರಗೆ ನಿಲ್ಲಿಸಿ ಒಂಟಿಯಾಗಿ ಒಳಬಂದ ಪದ ಉಳಿಯುವುದಿಲ್ಲ.

ಪಾರ್ಟು, ಸೀನರಿ, ಕಂಪನಿಗಳು ವೃತ್ತಿರಂಗಭೂಮಿಯ ಬೆನ್ನು ಹತ್ತಿ ಬಂದವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥವು ಊರೂರಿನಲ್ಲಿ ಬಿಡಾರ ಹೂಡಿದಾಗ, ಬಣ್ಣದ ಪರದೆ ಎಂಬ ಹೊಸ ವಸ್ತುವೂ ಅದರ ಹೊಸ ಹೆಸರೂ ಜನರಿಗೆ ಒಟ್ಟೊಟ್ಟಿಗೇ ಸಿಕ್ಕವು. ‘ಟ್ರೂಪ್’ ಹಾಗೆ ಬರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ. ಕಂಪನಿಗಳಿಗಿಂತ ಬಹಳ ಮೊದಲೇ ಇಲ್ಲಿ ಮೇಳಗಳಿದ್ದವು. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರದು ಮೇಳ: ಮುಂದೆ ತಂಬೂರಿ ಹಿಡಿದ ಹಿರಿಯ ಕಥೆ ನಡೆಸುತ್ತಾನೆ, ಹಿಂದಿನವರು ದನಿಗೂಡಿಸುತ್ತಾರೆ. ಮುಖವೀಣೆಯ ದನಿಗೆ ಬೆಳಗಿನವರೆಗೆ ಕುಣಿಯುವ ಮೂಡಲಪಾಯ ಯಕ್ಷಗಾನದಲ್ಲಿ ಭಾಗವತನೇ ಇಡೀ ಆಟದ ಕಡಿವಾಣ. ಪೂಜೆ ಕುಣಿತ, ಪಟ ಕುಣಿತ, ಸೋಮನ ಕುಣಿತದವರಿಗೂ ಒಬ್ಬ ಮುಂದಾಳು ಇರುತ್ತಾನೆ, ವೀಳ್ಯ ಕೊಟ್ಟು ಕರೆದ ಊರಿಗೆ ಹೋಗುತ್ತಾರೆ. ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯಲ್ಲಿ ಹುಟ್ಟಿದ ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ ಜೀವಮಾನವಿಡೀ ಬೆನ್ನುಹತ್ತಿದ್ದು ಇಂಥ ಕಲಾವಿದರನ್ನೇ.

ಟ್ರೂಪ್ ಎಂದರೆ ಹೆಚ್ಚುಕಡಿಮೆ ಇದೇ: ಒಟ್ಟಿಗೆ ಪಳಗಿದ, ಒಂದು ಹೆಸರಿನಲ್ಲಿ ಗುರುತಿಸಿಕೊಳ್ಳುವ, ಊರಿಂದೂರಿಗೆ ಹೋಗಿ ಕಲೆ ತೋರಿಸುವ ಗುಂಪು. ನಿಘಂಟು ಕೊಡುವ ‘ತಂಡ’ ತಪ್ಪಲ್ಲ, ಆದರೆ ಸಪ್ಪೆ. ಕ್ರಿಕೆಟ್ ಆಡುವವರೂ ತಂಡ, ತಪಾಸಣೆಗೆ ಬಂದ ಅಧಿಕಾರಿಗಳೂ ತಂಡ. ಅವರನ್ನು ಇಂಗ್ಲಿಷಿನವರು ಟ್ರೂಪ್ ಎನ್ನುವುದಿಲ್ಲ. ಸೈನಿಕರ ತುಕಡಿಗೂ ಉಚ್ಚಾರದಲ್ಲಿ ಇದೇ ಪದ, ಕಾಗುಣಿತ ಮಾತ್ರ ಬೇರೆ. ಎರಡೂ ಫ್ರೆಂಚಿನ ಒಂದೇ ಮೂಲದವು, ಸೈನ್ಯದ್ದು ಮೊದಲು ಬಂತು, ಕಲಾವಿದರದು 19ನೇ ಶತಮಾನದಲ್ಲಿ. ಕಷ್ಟಕ್ಕೆ ಎದೆಗುಂದದೆ ಕೆಲಸ ಮುಂದುವರಿಸುವವನನ್ನು ಇಂಗ್ಲಿಷಿನವರು ‘ಟ್ರೂಪರ್’, ಅಂದರೆ ಟ್ರೂಪಿನವನು, ಎಂದು ಮೆಚ್ಚುತ್ತಾರೆ. ನಾಟಕದವರ ಪಾಡು ಎಲ್ಲ ದೇಶದಲ್ಲೂ ಒಂದೇ ಇರಬೇಕು.

ಹಾಗಾದರೆ ಹಳ್ಳಿಯ ಕುರುಕ್ಷೇತ್ರದವರು ಟ್ರೂಪ್ ಹೌದೇ? ಇಲ್ಲಿ ತಡೆದು ಯೋಚಿಸಬೇಕು. ಅವರು ಬೇಸಾಯಗಾರರು, ಅಂಗಡಿಯವರು, ನೌಕರಿಯಲ್ಲಿರುವವರು. ಪಾರ್ಟಿಗೆ ದುಡ್ಡು ಪಡೆಯುವುದಿರಲಿ, ತಾವೇ ದುಡ್ಡು ಹಾಕುತ್ತಾರೆ. ಕೃಷ್ಣ, ದುರ್ಯೋಧನರ ಪಾರ್ಟಿಗೆ ಹೆಚ್ಚು, ಸಣ್ಣ ಪಾರ್ಟಿಗೆ ಕಡಿಮೆ. ಮೇಷ್ಟ್ರು ಹಾರ್ಮೋನಿಯಂ ಮುಂದಿಟ್ಟುಕೊಂಡು ತಿಂಗಳುಗಟ್ಟಲೆ ಕಂದ, ವೃತ್ತ ತಿದ್ದಿದ ಮೇಲೆ ಒಂದು ರಾತ್ರಿ ಆಟ. ಬೆಳಗಾದರೆ ಭೀಮ ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೋಗುತ್ತಾನೆ. ಇಂಥವರಿಗೆ ಇಂಗ್ಲಿಷಿನಲ್ಲಿ ‘ಕಾಸ್ಟ್’ ಎಂಬ ಬೇರೆ ಪದವಿದೆ. ಸೋಜಿಗವೆಂದರೆ ಹಳ್ಳಿಯ ನಾಟಕದ ಕರಪತ್ರ ಈ ಭೇದವನ್ನು ಆಗಲೇ ಮಾಡಿಟ್ಟಿರುತ್ತದೆ. ನೆತ್ತಿಯ ಮೇಲೆ ಯಾವುದೋ ದೇವರ ‘ಕೃಪಾಪೋಷಿತ ನಾಟಕ ಮಂಡಳಿ’, ನಡುವೆ ಭಾವಚಿತ್ರಗಳ ಸಮೇತ ‘ಪಾತ್ರವರ್ಗ’, ಕೆಳಗೆ ಹಾರ್ಮೋನಿಯಂ, ತಬಲದವರ ಹೆಸರು. ಮಂಡಳಿಯ ಪಕ್ಕ ಟ್ರೂಪ್, ಪಾತ್ರವರ್ಗದ ಪಕ್ಕ ಕಾಸ್ಟ್ ಎಂದು ಬರೆಸಿ, ಒಂದೇ ರಾತ್ರಿ ಆಡುವ ಮಂಡಳಿಯನ್ನು ಟ್ರೂಪ್ ಎನ್ನಬಹುದೇ ಎಂದು ಮಕ್ಕಳಲ್ಲೇ ಜಗಳ ಹಚ್ಚಿದರೆ, ಪಟ್ಟಿಯಲ್ಲಿ ಸಿಗದ ಅರ್ಥ ಆ ಜಗಳದಲ್ಲಿ ಸಿಗುತ್ತದೆ.

ಇಂಗ್ಲಿಷ್ ಪಾಠದಲ್ಲಿ ಕನ್ನಡ ಬೆರೆಸಿದರೆ ಮಕ್ಕಳು ಇಂಗ್ಲಿಷಿನಲ್ಲಿ ಯೋಚಿಸುವುದೇ ಇಲ್ಲ ಎಂಬ ಆಕ್ಷೇಪ ಹಳೆಯದು. ಪದಕಲಿಕೆಯನ್ನು ದೀರ್ಘಕಾಲ ಅಧ್ಯಯನ ಮಾಡಿದ ನ್ಯೂಜಿಲೆಂಡಿನ ವಿದ್ವಾಂಸ ಪಾಲ್ ನೇಷನ್ ಹೇಳುವಂತೆ, ಪದವೊಂದು ಗೊತ್ತು ಎನ್ನಲು ಅದರ ರೂಪ, ಅರ್ಥ, ಬಳಕೆ ಮೂರೂ ಗೊತ್ತಿರಬೇಕು. ಅರ್ಥ ಕೊಡಲು ಕಲಿಯುವವರ ತಾಯ್ನುಡಿಯನ್ನು ಬಳಸುವುದಕ್ಕೆ ಅವರ ವಿರೋಧವಿಲ್ಲ. ರೂಪ, ಬಳಕೆಗಳನ್ನು ಇಂಗ್ಲಿಷಿನ ವಾಕ್ಯಗಳಲ್ಲೇ ಕಲಿಯಬೇಕು, ಅದನ್ನು ಬೇಡವೆಂದವರು ಯಾರು?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಊರಿನ ರೂಢಿಯನ್ನು ನಂಬಿದರೆ ಅರ್ಥ ದಾರಿ ತಪ್ಪಬಹುದು. ನಮ್ಮಲ್ಲಿ ‘ಆರ್ಕೆಸ್ಟ್ರಾ’ ಎಂದರೆ ಗಣೇಶನ ಹಬ್ಬದ ರಾತ್ರಿ ಸಿನಿಮಾ ಹಾಡು ಹಾಡುವವರು, ಇಂಗ್ಲಿಷಿನಲ್ಲಿ ಮುಖ್ಯವಾಗಿ ಪಿಟೀಲು, ಕೊಳಲುಗಳ ದೊಡ್ಡ ವಾದ್ಯವೃಂದ. ‘ಸೀನರಿ’ಯನ್ನು ನಾವು ಬಾಡಿಗೆಗೆ ತರುತ್ತೇವೆ, ಅವರು ಬೆಟ್ಟಗುಡ್ಡ ನೋಡಿಯೂ ಸೀನರಿ ಎನ್ನುತ್ತಾರೆ. ಮಾತು ನಿಜ. ಆದರೆ ತಿದ್ದಲು ಕೈಯಲ್ಲಿ ಏನಾದರೂ ಇರಬೇಕಲ್ಲ. ಆರ್ಕೆಸ್ಟ್ರಾ ನೋಡಿದ ಹುಡುಗಿಗೆ ವ್ಯತ್ಯಾಸ ತಿಳಿಸಲು ಎರಡು ವಾಕ್ಯ ಸಾಕು, ಏನೂ ನೋಡದವಳಿಗೆ ಹತ್ತು ವಾಕ್ಯವೂ ಸಾಲದು.

ಈಗಿನ ಮಕ್ಕಳು ಮೇಳಗಳನ್ನು ಎಲ್ಲಿ ನೋಡುತ್ತಾರೆ ಎನ್ನುವವರು ಶ್ರೀರಂಗಪಟ್ಟಣದ ದಸರೆಗೆ ಬರಲಿ. 1610ರಲ್ಲಿ ರಾಜ ಒಡೆಯರು ಆರಂಭಿಸಿದ ಉತ್ಸವದ ನೆನಪಿನಲ್ಲಿ ಕಿರಂಗೂರಿನ ಬನ್ನಿಮಂಟಪದಿಂದ ಹೊರಡುವ ಜಂಬೂಸವಾರಿಯ ಜೊತೆ ಜನಪದ ಕಲಾತಂಡಗಳೂ ಹೆಜ್ಜೆ ಹಾಕುತ್ತವೆ. ರಸ್ತೆ ಬದಿಯಲ್ಲಿ ನಿಂತ ಮಗುವಿನ ಮುಂದೆ ಡೊಳ್ಳಿನವರು, ವೀರಗಾಸೆಯವರು, ಪೂಜೆ ಕುಣಿತದವರು ಒಬ್ಬರ ಹಿಂದೊಬ್ಬರು ಬರುವಾಗ, ಒಂದು ಟ್ರೂಪ್ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಕೇಳಿದರೆ ಉತ್ತರ ಹೇಳಲು ಅದು ತಡವರಿಸುವುದಿಲ್ಲ.