ಒಳಗಿನ ಅಳತೆ

ಅಹಮದಾಬಾದಿನ ನವರಂಗಪುರದಲ್ಲಿ ಆಟೋ ಇಳಿದಾಗ ಬೆಳಗಿನ ಹತ್ತು ಗಂಟೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಜೊತೆಗೆ ಅಕ್ಕನ ಮಗಳು. ಪಿಯುಸಿ ಮುಗಿಸಿ, ಇಂಟೀರಿಯರ್ ಡಿಸೈನೇ ಓದುತ್ತೇನೆಂದು ಹಟ ಹಿಡಿದವಳು. "ಕರ್ಟನ್ ಬಣ್ಣ ಆರಿಸೋಕೆ ವರ್ಷಗಟ್ಟಲೆ ಓದಬೇಕಾ? ಆರ್ಕಿಟೆಕ್ಟ್ ಆಗಲಿ, ಬೋರ್ಡಿನ ಮೇಲೆ ಬರೆಸೋಕೆ ಒಂದು ಹೆಸರಾದರೂ ಇರುತ್ತೆ" ಎಂದು ಭಾವ. ಅಪ್ಪ ಮಗಳ ನಡುವೆ ಸಿಕ್ಕಿಕೊಂಡ ಅಕ್ಕ, "ನೀನೇ ಒಂದ್ಸಲ ಕರ್ಕೊಂಡ್ಹೋಗಿ ತೋರಿಸ್ಕೊಂಡು ಬಾರೇ" ಎಂದು ನನಗೆ ಒಪ್ಪಿಸಿದ್ದಳು.

ಸೆಪ್ಟ್ ವಿಶ್ವವಿದ್ಯಾಲಯದ ಆವರಣಕ್ಕೆ ಕಾಲಿಟ್ಟೊಡನೆ ಬೇವಿನ ನೆರಳು. ಗಾರೆ ಬಳಿಯದ ಇಟ್ಟಿಗೆಯ ಗೋಡೆಗಳು, ಬಣ್ಣ ಕಾಣದ ಕಾಂಕ್ರೀಟು. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಕಟ್ಟಿದ ಜಾಗ ಇದು. ಬೆಂಗಳೂರಿನ ಐಐಎಂನ ಒರಟುಕಲ್ಲಿನ ಮೊಗಸಾಲೆಗಳಲ್ಲಿ ಓಡಾಡಿದವರಿಗೆ ಈ ಕೈಯ ಪರಿಚಯ ಬೇಗ ಸಿಗುತ್ತದೆ. ಒಳಗೂ ಅಲ್ಲದ, ಹೊರಗೂ ಅಲ್ಲದ ಜಾಗಗಳನ್ನು ಮಾಡುವುದರಲ್ಲಿ ಅವರು ನಿಸ್ಸೀಮರಾಗಿದ್ದರು. ಇಲ್ಲಿ ಸ್ಟುಡಿಯೋಗಳ ನೆತ್ತಿಯಿಂದ ಉತ್ತರದ ತಂಪು ಬೆಳಕು ಇಳಿಯುತ್ತದೆ. ಯಾರ ಹಾಳೆಯ ಮೇಲೂ ಬಿಸಿಲು ನೇರ ಬೀಳುವುದಿಲ್ಲ.

1962ರಲ್ಲಿ ವಾಸ್ತುಶಿಲ್ಪ ಶಾಲೆಯಾಗಿ ಶುರುವಾದದ್ದು ಇದು. 1972ರಲ್ಲಿ ನಗರ ಯೋಜನೆ, 1982ರಲ್ಲಿ ಕಟ್ಟಡ ತಂತ್ರಜ್ಞಾನ, ಆಮೇಲೆ 1991ರಲ್ಲಿ ಒಳಾಂಗಣ ವಿನ್ಯಾಸಕ್ಕೆಂದೇ ಒಂದು ಶಾಲೆ. ಊರು, ಕಟ್ಟಡ ಎಲ್ಲ ಆದಮೇಲೆ ಕೊನೆಗೆ ಕೋಣೆಯ ಸರದಿ ಬಂತು. ಆದರೆ ಮನುಷ್ಯ ದಿನದ ಬಹುಪಾಲು ಕಳೆಯುವುದು ಕೋಣೆಯಲ್ಲೇ ತಾನೆ?

ಮರದ ವರ್ಕ್‌ಶಾಪಿನ ಬಾಗಿಲಲ್ಲಿ ನಮ್ಮ ಹುಡುಗಿ ನಿಂತೇಬಿಟ್ಟಳು. ಒಳಗೆ ಇವಳಿಗಿಂತ ಎರಡು ವರ್ಷ ದೊಡ್ಡವಳಿರಬಹುದಾದ ಹುಡುಗಿಯೊಬ್ಬಳು ಉಳಿ, ಕೊಡತಿ ಹಿಡಿದು, ಮೊಳೆಯ ಹಂಗಿಲ್ಲದೆ ಎರಡು ತುಂಡುಗಳನ್ನು ಕೂಡಿಸಲು ಹೆಣಗುತ್ತಿದ್ದಳು. ಕೂಡಿಸಿದಳು, ಅಲುಗಾಡಿಸಿದಳು, ಬಿಚ್ಚಿದಳು, ಮತ್ತೆ ಕೆತ್ತಿದಳು. ಮೈತುಂಬ ಮರದ ಹೊಟ್ಟು. ಬಿಡುವಿನಲ್ಲಿ ಮಾತಾಡಿಸಿದೆವು. ಹೊಸದೇನನ್ನೂ ಬರೆಯುವ ಮುಂಚೆ ಇರುವುದನ್ನು ಅಳೆಯುವುದೇ ತಮ್ಮ ಮೊದಲ ಪಾಠ ಎಂದಳು: ಮೆಟ್ಟಿಲು, ಕಿಟಕಿಯ ಕಟ್ಟೆ, ಕೂತಾಗ ಮೊಣಕಾಲು ಎಲ್ಲಿಗೆ ಬರುತ್ತದೆ, ನಿಂತಾಗ ಮೊಣಕೈ ಎಲ್ಲಿಗೆ. ಅಳತೆಯ ಟೇಪು ಸದಾ ಅವಳ ಜೇಬಲ್ಲಿರುತ್ತದಂತೆ. ಹೊರಗೆ ಬಂದದ್ದೇ ನಮ್ಮವಳು ಸ್ಟೇಷನರಿ ಅಂಗಡಿ ಹುಡುಕಿ ಒಂದು ಟೇಪು ಕೊಂಡುಕೊಂಡಳು.

ನನಗೆ ಅಮ್ಮನ ಮಂಚ ನೆನಪಾಯಿತು. ಮನೆ ರಿಪೇರಿ ಮಾಡಿಸಿದಾಗ ಒಳಗಿನ ಕೆಲಸವನ್ನೆಲ್ಲ ಒಬ್ಬರಿಗೆ ವಹಿಸಿದ್ದೆವು. ಚೆಂದದ ಬೋರ್ಡಿತ್ತು, ಕಂಪ್ಯೂಟರಿನಲ್ಲಿ ಚೆಂದದ ಚಿತ್ರಗಳನ್ನೂ ತೋರಿಸಿದರು. ಅಡಿಯಲ್ಲಿ ಸಾಮಾನು ತುಂಬಲೆಂದು ಮಂಚವನ್ನು ಎತ್ತರಿಸಿದರು. ಅಮ್ಮ ಕುಳ್ಳಗಿದ್ದಾಳೆಂಬುದನ್ನು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಕೂತರೆ ಅವಳ ಪಾದ ನೆಲಕ್ಕೆ ತಾಕುತ್ತಿರಲಿಲ್ಲ. ಒಂದು ರಾತ್ರಿ ಕತ್ತಲಲ್ಲಿ ಇಳಿಯಹೋಗಿ ಬಿದ್ದು ಮಣಿಕಟ್ಟು ಮುರಿಯಿತು. ಆ ಕೈ ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಹಾಗಾಗಿ, ಇದು ಕರ್ಟನ್ ಬಣ್ಣದ ಓದು ಎಂದು ಯಾರಾದರೂ ಅಂದರೆ ನನಗೆ ಸಂಕಟವಾಗುತ್ತದೆ.

ಬೇವಿನ ಕೆಳಗೆ ಚಹಾ ಕುಡಿಯುತ್ತ ಭಾವನ ಪ್ರಶ್ನೆಗೆ ಬಂದೆವು. ಅವರ ಮಾತಿನಲ್ಲಿ ಹುರುಳಿಲ್ಲದೇ ಇಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸದವರು ಆರ್ಕಿಟೆಕ್ಟ್ ಎಂದು ಹೆಸರು ಹಾಕಿಕೊಳ್ಳುವಂತಿಲ್ಲ. ಆ ಕಾಯ್ದೆ ಕಾಯುವುದು ಹೆಸರನ್ನು, ಕೆಲಸವನ್ನಲ್ಲ ಎಂದು 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಒಳಾಂಗಣ ವಿನ್ಯಾಸಕರಿಗಾದರೋ ಹಾಗೆ ಕಾಯುವ ಕಾನೂನೇ ಇಲ್ಲ. ಅದೇ 1972ರಲ್ಲಿ ಹುಟ್ಟಿದ ಅವರ ಸಂಘ, ಐಐಐಡಿ, ಇದೆ, ಇಷ್ಟವಿದ್ದವರು ಸದಸ್ಯರಾಗಬಹುದು. ವರ್ಷಗಟ್ಟಲೆ ಓದಿದವರೂ ನಿನ್ನೆ ಅಂಗಡಿ ತೆರೆದವರೂ ಒಂದೇ ಬೋರ್ಡು ಹಾಕಬಹುದು. ಇದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವೈರಿಂಗಿನ ಹೊರೆ, ಪ್ಲೈವುಡ್ಡಿನ ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್, ಬೆಂಕಿ ಬಿದ್ದರೆ ಹೊರಗೋಡುವ ದಾರಿ, ಇವೆಲ್ಲ ಒಳಗೆ ಬದುಕುವವರ ಜೀವದ ಪ್ರಶ್ನೆಗಳು.

"ಹಾಗಾದ್ರೆ ಇಷ್ಟು ಓದಿ ನಾನು ಯಾರು ಅಂತ ಹೇಳ್ಕೊಳ್ಲಿ, ಚಿಕ್ಕಮ್ಮ?" ಎಂದು ಕೇಳಿದಳು. ಉತ್ತರ ನನ್ನ ಬಳಿ ಇರಲಿಲ್ಲ. ನಡೆ, ಗುಫಾ ನೋಡೋಣ ಎಂದೆ.

ಅಮ್ದಾವಾದ್ ನಿ ಗುಫಾ ಅಲ್ಲೇ ಪಕ್ಕದಲ್ಲಿದೆ. ದೋಶಿ ರೂಪಿಸಿ, ಎಂ.ಎಫ್. ಹುಸೇನ್ ಒಳಗೆಲ್ಲ ಬಣ್ಣ ಹಚ್ಚಿದ್ದು. ಮೇಲಿಂದ ಕಾಣುವುದು ಪಿಂಗಾಣಿ ಚೂರುಗಳ ಗುಮ್ಮಟಗಳಷ್ಟೇ. ಮೆಟ್ಟಿಲಿಳಿದರೆ ನೇರ ಗೋಡೆ ಒಂದಿಲ್ಲ, ಕಂಬಗಳು ಮರದ ಬೊಡ್ಡೆಗಳಂತೆ ವಾಲಿವೆ, ಸೂರು ಇಳಿದಿಳಿದು ನೆಲವಾಗುತ್ತದೆ. ಎಲ್ಲಿ ಕಟ್ಟಡ ಮುಗಿಯಿತು, ಎಲ್ಲಿ ಒಳಾಂಗಣ ಶುರುವಾಯಿತು ಎಂದು ಗೆರೆ ಎಳೆಯಲು ಬರುವುದಿಲ್ಲ. ಆ ತೆಳು ಸಿಮೆಂಟಿನ ಚಿಪ್ಪನ್ನು ಕೈ ಸಲಕರಣೆಗಳಿಂದಲೇ ಕಟ್ಟಿದ ಕೂಲಿಯವರ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ.

ಸಂಜೆ ಹಳೇ ಪಟ್ಟಣಕ್ಕೆ ಹೋದೆವು. ಯುನೆಸ್ಕೋ 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಊರು. ಮಾಣೆಕ್ ಚೌಕದಿಂದ ಒಳಸರಿದರೆ ಪೋಳ್‌ಗಳೆಂಬ ಓಣಿಗಳು, ಹಕ್ಕಿಗಳಿಗೆ ಕಾಳು ಹಾಕುವ ಚಬೂತರೋ, ಎರಡೂ ಬದಿಗೆ ಕೆತ್ತನೆಯ ಮರದ ಮನೆಗಳು. ಈ ಮನೆಗಳ ನಡುವಿನ ಚೌಕ ನಮ್ಮ ತೊಟ್ಟಿಮನೆಯ ತೊಟ್ಟಿಯೇ. ಅದರಡಿಯ ಟಾಂಕಾದಲ್ಲಿ ಮಳೆನೀರು ಕೂಡಿಡುತ್ತಿದ್ದರು. ಒಟ್ಲೋ ಅಂದರೆ ಜಗುಲಿ. ಕಂಬ, ಬೋದಿಗೆ, ಬಾಗಿಲು ಎಲ್ಲ ಸುಥಾರರ ಕೆಲಸ. ಸುಥಾರ್ ಅಂದರೆ ಬಡಗಿ. ಮನೆಯ ಹೊರಗನ್ನೂ ಒಳಗನ್ನೂ ಅವನು ಬೇರೆ ಬೇರೆಯಾಗಿ ಕಂಡವನಲ್ಲ. ಸೆಪ್ಟ್‌ನ ಕರಕುಶಲ ಕೇಂದ್ರ ಗುಜರಾತಿನ ಹಳೆಯ ಪೆಟ್ಟಿಗೆ, ಮಂಚ, ಉಯ್ಯಾಲೆಗಳನ್ನು ಹುಡುಕಿ ದಾಖಲಿಸಿದೆ. ಓದು ಬಡಗಿಯ ಬಳಿಗೆ ಹೀಗೆ ಹಿಂತಿರುಗಿದ್ದು ನನಗೆ ಬಹಳ ದೊಡ್ಡದಾಗಿ ಕಂಡಿತು. ಬೆಂಗಳೂರಿನ ಫ್ಲಾಟುಗಳಲ್ಲಿ ಪ್ಲೈವುಡ್ ಕೊಯ್ಯುತ್ತ, ಅದೇ ಹೊಟ್ಟಿನ ನಡುವೆ ಮಲಗುವ ರಾಜಸ್ಥಾನದ ಬಡಗಿಗಳ ಬಳಿಗೂ ಅದು ಬರಬೇಕು.

ಒಂದು ಒಟ್ಲೋದ ಮೇಲೆ ಅಜ್ಜಿಯೊಬ್ಬರು ಕಾಲು ಇಳಿಬಿಟ್ಟು ಬಟಾಣಿ ಸುಲಿಯುತ್ತಿದ್ದರು. ನಮ್ಮವಳು ಟೇಪು ತೋರಿಸಿ ಕೈಸನ್ನೆಯಲ್ಲೇ ಅಪ್ಪಣೆ ಕೇಳಿದಳು. ಅಜ್ಜಿ ನಕ್ಕು ಸ್ವಲ್ಪ ಸರಿದರು. ಇವಳು ಧೂಳಿನಲ್ಲೇ ಮಂಡಿಯೂರಿ ನೆಲದಿಂದ ಕಲ್ಲಿನ ಅಂಚಿನವರೆಗೆ ಟೇಪು ಹಿಡಿದಳು. ಅಜ್ಜಿಯ ಎರಡೂ ಪಾದ ನೆಲದ ಮೇಲೆ ಪೂರ್ತಿ ಊರಿದ್ದವು.

"ಹದಿನಾರಿಂಚು, ಚಿಕ್ಕಮ್ಮ," ಎಂದಳು. "ನಮ್ಮಜ್ಜಿ ಮಂಚ ಎಷ್ಟಿತ್ತು?"