ಕರೆ ಬಂತೆಂದರೆ ನೌಕರಿ ಬಿಡಬೇಕೆ?

ಧಾರವಾಡದಿಂದ ಹುಬ್ಬಳ್ಳಿ ಕಡೆ ಹೊರಟ ಚಿಗರಿ ಬಸ್ಸು ವಿದ್ಯಾಗಿರಿ ದಾಟಿ ಸತ್ತೂರು ಮುಟ್ಟುವ ಮೊದಲು ಲಕಮನಹಳ್ಳಿಯಲ್ಲಿ ನಿಲ್ಲುತ್ತದೆ. ಇದು ಕೈಗಾರಿಕಾ ಪ್ರದೇಶ. ಇಲ್ಲಿ ಶಿಫ್ಟ್ ಲೆಕ್ಕದಲ್ಲಿ ದುಡಿದು ಭಾನುವಾರ ಆರಾಧನೆಗೆ ಹೋಗುವ ಕ್ರೈಸ್ತ ತರುಣ ತರುಣಿಯರೂ ಇದ್ದಾರೆ. ಅಂಥವರು ಪ್ರಾರ್ಥನಾ ಕೂಟ ಮುಗಿದ ಮೇಲೆ ಹಿಂದೆ ಉಳಿದು ಸಭಾಪಾಲಕರನ್ನು ಕೇಳುವ ಮಾತು ಹೆಚ್ಚುಕಡಿಮೆ ಒಂದೇ: “ನಂಗ ದೇವ್ರ ಕರೆ ಬಂದೈತಿ ಅನ್ಸತೈತ್ರಿ. ಈಗ ನೌಕರಿ ಬಿಡಬೇಕೇನ್ರಿ?” ಈ ಪ್ರಶ್ನೆಯ ಸುತ್ತ ಬೆಳೆದ ಕೆಲವು ತಪ್ಪು ಕಲ್ಪನೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಕರೆ ಎಂದರೆ ಪಾಸ್ಟರ್, ಫಾದರ್ ಅಥವಾ ಸಿಸ್ಟರ್ ಆಗುವುದು.

ವಾಸ್ತವ: ಬೈಬಲಿನ ವಿಮೋಚನಕಾಂಡದಲ್ಲಿ ದೇವರು ಹೆಸರು ಹಿಡಿದು ಕರೆದು ತನ್ನ ಆತ್ಮದಿಂದ ತುಂಬಿಸಿದ ಬೆಚಲೇಲ ಯಾಜಕನಲ್ಲ, ಪ್ರವಾದಿಯೂ ಅಲ್ಲ. ಅವನು ಚಿನ್ನ, ಬೆಳ್ಳಿ, ತಾಮ್ರ, ಕಟ್ಟಿಗೆಯ ಕೆಲಸ ಬಲ್ಲ ಕುಶಲಕರ್ಮಿ. ಪೌಲ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಕೂತು ಗುಡಾರ ಹೊಲಿದ. ಸಂನ್ಯಾಸಿಯ ಬದುಕಿನಷ್ಟೇ ಚಮ್ಮಾರನ, ತಾಯಿಯ, ಆಳಿನ ದುಡಿಮೆಯೂ ದೇವರ ಕರೆಯೇ ಎಂದು 16ನೇ ಶತಮಾನದಲ್ಲಿ ಮಾರ್ಟಿನ್ ಲೂಥರ್ ಗಟ್ಟಿಯಾಗಿ ವಾದಿಸಿದ.

ನಮ್ಮ ನಾಡಿನಲ್ಲೂ ಉದಾಹರಣೆ ಇದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ. ಬಂದವರೆಲ್ಲ ಪ್ರಸಂಗ ಮಾಡುವವರೇ ಆಗಿರಲಿಲ್ಲ. ಯಂತ್ರಗಳ ಕೆಲಸ ಬಲ್ಲ ಜಾರ್ಜ್ ಪ್ಲೆಬ್ಸ್ಟ್ 1851ರಲ್ಲಿ ಬಂದು ಮಂಗಳೂರಿನಲ್ಲಿ ಮುದ್ರಣಾಲಯ ನೋಡಿಕೊಂಡ. ಆಮೇಲೆ ಅಲ್ಲಿಯ ಜೇಡಿಮಣ್ಣಿನ ಮೇಲೆ ಪ್ರಯೋಗ ಮಾಡಿ 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ. ಮಂಗಳೂರು ಹಂಚು ದೇಶದ ಮನೆಮಾತಾಗಿದ್ದು ಹೀಗೆ. ಹಾಗೆಯೇ ಇಂದು ಲೇಥ್ ಮುಂದೆ ನಿಂತವನು ಅಳತೆಯಲ್ಲಿ ಮೋಸ ಮಾಡದಿರುವುದು, ಪಕ್ಕದ ಹೊಸ ಹುಡುಗನಿಗೆ ಕೈಗೆಲಸ ಮುಚ್ಚಿಡದೆ ಕಲಿಸುವುದು ಕರೆಗೆ ಓಗೊಡುವ ಮೊದಲ ಬಗೆ. ಬೇರೆ ಕರೆ ಇದ್ದರೆ ಅದು ಇದರ ಮೇಲೆಯೇ ನಿಲ್ಲಬೇಕು.

ತಪ್ಪು ಕಲ್ಪನೆ 2: ಕರೆ ನಿಜವಾದರೆ ದೇವರ ದನಿ ಸ್ಪಷ್ಟವಾಗಿ ಕೇಳಿಸಲೇಬೇಕು.

ವಾಸ್ತವ: ದನಿ ಕೇಳಿಸಿದ ಬಾಲಕ ಸಮುವೇಲನಿಗೇ ಅದು ಯಾರದೆಂದು ತಿಳಿಯಲಿಲ್ಲ. ಮೂರು ಸಲ ಎದ್ದು ಮುದುಕ ಏಲಿಯ ಹತ್ತಿರ ಓಡಿದ. ಕಣ್ಣು ಮಂಜಾಗಿದ್ದ, ಸ್ವಂತ ಮಕ್ಕಳನ್ನೇ ತಿದ್ದಲಾಗದೆ ಸೋತಿದ್ದ ಏಲಿಯೇ ಕೊನೆಗೆ ವಿಷಯ ಗುರುತಿಸಿ, ಹೇಗೆ ಉತ್ತರ ಕೊಡಬೇಕೆಂದು ಹೇಳಿಕೊಟ್ಟ. ಹೆಚ್ಚಿನವರಿಗೆ ದನಿ, ಕನಸು ಯಾವುದೂ ಇರುವುದಿಲ್ಲ. ಒಂದೇ ಯೋಚನೆ ವರ್ಷಗಟ್ಟಲೆ ಬಿಡದೆ ಕಾಡುವುದು, ಅದೇ ದಿಕ್ಕಿನ ಕೆಲಸ ಕೈಗೆ ಹತ್ತುವುದು, ಅದರಿಂದ ಬೇರೆಯವರಿಗೆ ಒಳ್ಳೆಯದಾಗುವುದು ಕಂಡುಬಂದರೆ ಗಮನ ಕೊಡಬೇಕು. ಒಂದು ಉಪವಾಸ ಕೂಟದಲ್ಲಿ ಉಕ್ಕಿ ಸೋಮವಾರಕ್ಕೆ ಇಳಿಯುವ ಉತ್ಸಾಹವನ್ನು ಸ್ವಲ್ಪ ಕಾಯಿಸಿ ನೋಡುವುದೇ ಲೇಸು.

ತಪ್ಪು ಕಲ್ಪನೆ 3: ಕರೆ ನನಗೂ ದೇವರಿಗೂ ಬಿಟ್ಟದ್ದು, ನಡುವೆ ಸಭೆಯವರ ಮಾತೇಕೆ?

ವಾಸ್ತವ: ಅಂತಿಯೋಕ್ಯದ ಸಭೆ ಉಪವಾಸವಿದ್ದು, ಪ್ರಾರ್ಥಿಸಿ, ಕೈಯಿಟ್ಟು ಕಳಿಸಿದ ಮೇಲೆಯೇ ಬಾರ್ನಬ, ಸೌಲ (ಅಂದರೆ ಪೌಲ) ಪ್ರಯಾಣ ಹೊರಟದ್ದು. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲೂ (ಸಿಎಸ್‌ಐ) ಸ್ಥಳೀಯ ಸಭೆಯ ಶಿಫಾರಸು, ಸಭಾಪ್ರಾಂತದ ಸಂದರ್ಶನ, ದೇವಶಾಸ್ತ್ರದ ಓದು, ಸೇವೆಯ ಪರೀಕ್ಷಾ ಅವಧಿ ದಾಟದೆ ಗುರುದೀಕ್ಷೆ ಇಲ್ಲ. ಅನುಭವಸ್ಥ ಹಿರಿಯರ ಪ್ರಶ್ನೆಗಳೂ ನೆಲದ ಮೇಲಿನವು: “ಮನ್ಯಾಗ ಏನಂತಾರಪಾ? ಸಾಲ ಎಷ್ಟೈತಿ? ಸಂಡೆ ಸ್ಕೂಲಿನ ಹುಡುಗ್ರು ನಿನ್ ಮಾತು ಕೇಳ್ತಾರೇನು?” ಇದನ್ನು ಅವಿಶ್ವಾಸವೆಂದು ತಿಳಿಯಬಾರದು. ತನ್ನ ಆಸೆಯನ್ನೇ ದೇವರ ಚಿತ್ತವೆಂದು ನಂಬಿ ಕೆಡುವವನನ್ನು ಕಾಯುವ ಬೇಲಿ ಇದು.

ತಪ್ಪು ಕಲ್ಪನೆ 4: ಆತ್ಮ ನಡೆಸುವಾಗ ಓದು ಯಾಕೆ?

ವಾಸ್ತವ: ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಅಲ್ಲಾಡಿತು. ಅಷ್ಟು ದೊಡ್ಡ ಬೆಲೆ ತೆತ್ತವನಾದರೂ ಅವನು ನೇರ ಪ್ರಸಂಗಪೀಠ ಹತ್ತಲಿಲ್ಲ. ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ದೇವಶಾಸ್ತ್ರ ಕಾಲೇಜಿನ ಬೇರು 1847ರಷ್ಟು ಹಳೆಯದು. ನೂರಾರು ಜನರ ಸಾವು ನೋವು, ಮದುವೆ ಸಮಾರಂಭಗಳ ನಡುವೆ ಮಾತಾಡಬೇಕಾದವನಿಗೆ ಉತ್ಸಾಹವೊಂದೇ ಸಾಲದೆಂದು ಆಗಲೇ ಗೊತ್ತಿತ್ತು.

ತಪ್ಪು ಕಲ್ಪನೆ 5: ಸೇವೆಗೆ ಇಳಿದವರು ಉಳಿದ ಆಸಕ್ತಿಗಳನ್ನೆಲ್ಲ ಕಿತ್ತೆಸೆಯಬೇಕು.

ವಾಸ್ತವ: ಧಾರವಾಡದವರಿಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. 1881ರಲ್ಲಿ ಇಲ್ಲೇ ಹುಟ್ಟಿದ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ ಸಭೆಗಳ ಪಾದ್ರಿಗಳಾಗಿದ್ದರು. ಹಳ್ಳಿ ಹಳ್ಳಿ ತಿರುಗುತ್ತಲೇ ಜನರ ಬಾಯಲ್ಲಿದ್ದ, ತಾಳೆಗರಿಯಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ಶರಣರ ವಚನಗಳನ್ನು ಆಳವಾಗಿ ಓದಿ ಬರೆದರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಕೂಡ ಮಿಷನರಿಯಾಗಿದ್ದುಕೊಂಡೇ ಸುಮಾರು 70,000 ಪದಗಳ ನಿಘಂಟು ಕಟ್ಟಿ 1894ರಲ್ಲಿ ಹೊರತಂದದ್ದು. ಇಬ್ಬರಲ್ಲೂ ನುಡಿಯ ಮೇಲಿನ ಪ್ರೀತಿ ಕರೆಗೆ ಅಡ್ಡ ಬರಲಿಲ್ಲ, ಅದೇ ಅವರನ್ನು ಜನರ ಮನೆಯೊಳಗೆ ಕರೆದೊಯ್ದಿತು.

ತಪ್ಪು ಕಲ್ಪನೆ 6: ಮುಂದಾಳತ್ವದ ಕರೆ ಗಂಡಸರಿಗೆ ಮಾತ್ರ.

ವಾಸ್ತವ: ಕಥೋಲಿಕ ಸಭೆ ಗುರುದೀಕ್ಷೆಯನ್ನು ಪುರುಷರಿಗಷ್ಟೇ ಕೊಡುತ್ತದೆ. ಸಿಎಸ್‌ಐನಲ್ಲಿ ಮಹಿಳೆಯರೂ ಸಭಾಪಾಲಕರಾಗುತ್ತಾರೆ. 2013ರಲ್ಲಿ ಎಗ್ಗೋನಿ ಪುಷ್ಪಲಲಿತಾ ನಂದ್ಯಾಲ ಸಭಾಪ್ರಾಂತದ ಬಿಷಪ್ ಆದರು.

ತಪ್ಪು ಕಲ್ಪನೆ 7: ತಡಮಾಡಿದರೆ ದೇವರು ಶಿಕ್ಷಿಸುತ್ತಾನೆ, ಹೆಜ್ಜೆ ಇಟ್ಟ ಮೇಲೆ ಹಿಂದೆ ಬರುವಂತಿಲ್ಲ.

ವಾಸ್ತವ: ತನಗೆ ಮಾತು ಬಾರದೆಂದು ಮೋಶೆ ತಕರಾರು ಎತ್ತಿದ. ಇನ್ನೂ ಚಿಕ್ಕವನೆಂದು ಯೆರೆಮೀಯ ಹಿಂಜರಿದ. ಓಡಿಹೋದ ಯೋನನ ಕಥೆಯಲ್ಲಿ ನಮಗೆ ಮೀನೊಂದೇ ನೆನಪು, ಅದೇ ಕರೆ ಅವನಿಗೆ ಎರಡನೇ ಸಲ ಬಂತೆಂಬುದು ಮರೆತುಹೋಗುತ್ತದೆ. ಕಾನ್ವೆಂಟಿನ ನೊವಿಶಿಯೇಟ್ ಎಂಬ ತರಬೇತಿ ಅವಧಿಯಾಗಲಿ, ಸಭಾಪಾಲಕರ ಪರೀಕ್ಷಾ ಅವಧಿಯಾಗಲಿ ಇರುವುದೇ ತೂಗಿ ನೋಡಲು. ಅಲ್ಲಿಂದ ಮರಳಿ ಬಂದವರನ್ನು “ಸೋತು ಬಂದ” ಎಂದು ಆಡಿಕೊಳ್ಳುವುದು ನಮ್ಮ ತಪ್ಪು.

ಹಾಗಾದರೆ ಲಕಮನಹಳ್ಳಿಯ ತರುಣ ಏನು ಮಾಡಬೇಕು? ರಾಜೀನಾಮೆ ಪತ್ರ ಸದ್ಯಕ್ಕೆ ಬರೆಯುವುದು ಬೇಡ. ವಾರದ ರಜೆಯಲ್ಲಿ ಒಂದು ಸಂಡೆ ಸ್ಕೂಲ್ ತರಗತಿ ವಹಿಸಿಕೊಳ್ಳಲಿ, ಕಾಯಿಲೆ ಬಿದ್ದವರ ಮನೆಗೆ ಹೋಗಿಬರಲಿ, ಒಬ್ಬ ಹಿರಿಯರ ಮುಂದೆ ಮನಸ್ಸು ಬಿಚ್ಚಲಿ. ಒಂದು ವರ್ಷ ಹೀಗೆ ನಡೆದ ಮೇಲೂ ಆಸೆ ಆರದಿದ್ದರೆ, ಸಭೆಯವರೂ ಹೌದೆಂದರೆ, ಸಾಲದ ಕಂತಿಗೂ ಮನೆಯವರಿಗೂ ದಾರಿ ಮಾಡಿ ಆಮೇಲೆ ಅರ್ಜಿ ಹಾಕಲಿ. ಆಸೆ ಆರಿದರೆ, ಆ ಒಂದು ವರ್ಷದಲ್ಲಿ ಅವನಿಂದ ಕಲಿತ ಮಕ್ಕಳು, ಮಾತಿಗೆ ಜೊತೆ ಸಿಕ್ಕ ರೋಗಿಗಳು ಪಡೆದದ್ದು ಎಲ್ಲಿಗೂ ಹೋಗುವುದಿಲ್ಲ.