ಚಾಚುಕೋಣೆಯ ರಬ್ಬರು ಅಂಚು

ಬೆಂಕಿಪೆಟ್ಟಿಗೆಯ ಒಳತಟ್ಟೆಯನ್ನು ಬೆರಳಿನಿಂದ ದೂಡಿದರೆ ಅದು ಹೊರಕ್ಕೆ ಚಾಚಿಕೊಳ್ಳುತ್ತದೆ. ಮರಳಿ ದೂಡಿದರೆ ಒಳಗೆ ಸರಿದು ಕೂರುತ್ತದೆ. ಅಮೆರಿಕದ ಹೆದ್ದಾರಿಗಳಲ್ಲಿ ಸಂಚರಿಸುವ ಭೋಗಸಜ್ಜಿತವಾದ 'ಮೋಟಾರ್ ಹೋಮ್'ಗಳಲ್ಲಿ ಈ ಏರ್ಪಾಡನ್ನೇ ಇಡೀ ಕೋಣೆಯ ಪ್ರಮಾಣದಲ್ಲಿ ಮಾಡಿರುತ್ತಾರೆ. ಅಡುಗೆಮನೆ, ಸ್ನಾನದ ಮನೆ, ಮಲಗುವ ಮನೆ ಎಲ್ಲವನ್ನೂ ಹೊತ್ತು ಸಾಗುವ, ಬಸ್ಸಿನಂಥ ವಾಹನವಿದು. ಆ ದೇಶದ ಮುಖ್ಯ ಹೆದ್ದಾರಿಗಳಲ್ಲಿ ವಾಹನದ ಅಗಲ ಸಾಮಾನ್ಯವಾಗಿ 102 ಅಂಗುಲವನ್ನು, ಎಂದರೆ ಸುಮಾರು 2.6 ಮೀಟರನ್ನು, ಮೀರಕೂಡದೆಂಬ ಕಟ್ಟಳೆಯುಂಟು. ಅಷ್ಟರೊಳಗೆ ಸೋಫಾ, ಊಟದ ಮೇಜು, ಓಡಾಡುವ ಹಾದಿ ಇವೆಲ್ಲ ಹಿಡಿಸುವುದು ಕಷ್ಟ. ಆದುದರಿಂದ ವಾಹನ ನಿಂತ ಮೇಲೆ ಪಕ್ಕದ ಗೋಡೆಯ ಒಂದು ಭಾಗವೇ, ತನ್ನ ನೆಲ ಚಾವಣಿ ಕಿಟಕಿಗಳ ಸಮೇತ, ಎರಡು ಮೂರು ಅಡಿ ಹೊರಕ್ಕೆ ಸರಿಯುವಂತೆ ಯಂತ್ರಜ್ಞರು ಯೋಜಿಸಿದರು. ಮೋಟಾರ್ ಹೋಮಿನಲ್ಲಿ ಇಂಥ ಕೋಣೆಯನ್ನು 1990ರಲ್ಲಿ ಮೊದಲು ಅಳವಡಿಸಿದ ಕೀರ್ತಿ ಇಂಡಿಯಾನಾ ರಾಜ್ಯದ ನ್ಯೂಮಾರ್ ಸಂಸ್ಥೆಗೆ ಸಲ್ಲುತ್ತದೆ. ನಾವು ಇದನ್ನು ಚಾಚುಕೋಣೆ ಎಂದು ಕರೆಯೋಣ.

ಗೋಡೆಯಲ್ಲಿ ಬಾಗಿಲಿಗಿಂತ ದೊಡ್ಡ ಕಂಡಿಯನ್ನು ಕೊರೆದು ಅದರಲ್ಲಿ ಪೆಟ್ಟಿಗೆಯೊಂದನ್ನು ಸರಿದಾಡಿಸಬೇಕಾದರೆ ಸುತ್ತಲೂ ಸಂದು ಬಿಡಲೇಬೇಕು. ಬಿಟ್ಟರೆ ಮಳೆ ಒಳಗೆ ಬರುವುದು. ಬಿಡದಿದ್ದರೆ ಪೆಟ್ಟಿಗೆ ಕದಲದು. ಈ ಇಕ್ಕಟ್ಟನ್ನು ಬಿಡಿಸುವ ಹೊಣೆಯೆಲ್ಲ ಸಂದಿನುದ್ದಕ್ಕೂ ಕೂರಿಸಿದ ರಬ್ಬರಿನ ಅಂಚಿನದು. ಕಾರ್ಖಾನೆಯವರು ಇದನ್ನು 'ಸೀಲು' ಎನ್ನುತ್ತಾರೆ. ಇದರಲ್ಲಿ ಎರಡು ಬಗೆ. ಒಂದು ಟೊಳ್ಳು ಕೊಳವೆಯಂತಿದ್ದು, ಕೋಣೆಯ ಚೌಕಟ್ಟು ಗೋಡೆಗೆ ಒತ್ತಿದಾಗ ಅಪ್ಪಚ್ಚಿಯಾಗಿ ಸಂದನ್ನು ತುಂಬುತ್ತದೆ. ಇನ್ನೊಂದು ನಾಲಗೆಯಂತೆ ಬಾಗಿ, ಕೋಣೆ ಸರಿಯುವಾಗ ಅದರ ಮೈಯನ್ನು ಸವರಿ ನೀರನ್ನು ಒರೆಸುತ್ತದೆ.

ಇಷ್ಟು ಅಲ್ಪ ವಸ್ತುವಿನ ಬಗ್ಗೆ ಇಷ್ಟು ಕಾಳಜಿಯೇಕೆ? ನಿವೃತ್ತರಾದ ಎಷ್ಟೋ ದಂಪತಿಗಳು ತಮ್ಮ ಮನೆಯನ್ನು ಮಾರಿ ವರ್ಷವಿಡೀ ಈ ವಾಹನಗಳಲ್ಲೇ ವಾಸಿಸುತ್ತಾರೆ. ಅಂಚಿನ ಮೂಲೆಯೊಂದರಿಂದ ತೊಟ್ಟಿಕ್ಕಿದ ನೀರು ಕಣ್ಣಿಗೆ ಕಾಣದು. ಅದು ನೆಲಹಾಸಿನ ಅಡಿಯಲ್ಲಿ ಹರಡಿ ಪ್ಲೈವುಡ್ ಹಲಗೆಯಲ್ಲಿ ಇಂಗುತ್ತದೆ. ಮರದ ತೇವ ಸುಮಾರು 20 ಪ್ರತಿಶತವನ್ನು ಮೀರಿ ಬಹುಕಾಲ ನಿಂತರೆ ಶಿಲೀಂಧ್ರಗಳು ಬೇರೂರಿ ಅದನ್ನು ತಿನ್ನತೊಡಗುವುವು. ಕಾಲಿಗೆ ನೆಲ ಮೆತ್ತಗೆ ತಾಗುವ ಹೊತ್ತಿಗೆ ಹಲಗೆ ಒಳಗೊಳಗೇ ಲಡ್ಡಾಗಿರುತ್ತದೆ. ವಾಹನವನ್ನು ಕೊಳ್ಳುವವರು ಒಳಗಿನ ಅಮೃತಶಿಲೆಯ ಹಾಸನ್ನೂ ದೀಪಗಳನ್ನೂ ನೋಡಿ ಬೆರಗಾಗುತ್ತಾರೆಯೇ ಹೊರತು ಬಗ್ಗಿ ಈ ಕಪ್ಪು ಅಂಚನ್ನು ಮುಟ್ಟಿ ನೋಡುವವರು ವಿರಳವೆಂದೇ ನಮ್ಮ ಭಾವನೆ.

ರಬ್ಬರು ಒತ್ತಿದರೆ ಕುಗ್ಗಿ, ಬಿಟ್ಟರೆ ಮೊದಲಿನಂತಾಗುವುದು ಹೇಗೆ? ಉಕ್ಕಿನ ಸುರುಳಿಯದು ಒಂದು ಬಗೆಯಾದರೆ ಇದರದು ಬೇರೊಂದು ಬಗೆ. ರಬ್ಬರಿನ ಅಣುಗಳು ನೀಳವಾದ ಸರಪಣಿಗಳು. ಶಾಖದ ಚಲನೆಯಿಂದ ಅವು ಸದಾ ಮಿಸುಕಾಡುತ್ತ ಗೋಜಲಾಗಿರಲು ಹವಣಿಸುತ್ತವೆ. ಎಳೆದಾಗ ಅಥವಾ ಒತ್ತಿದಾಗ ಅವು ಒಂದು ಕ್ರಮಕ್ಕೆ ಬರಬೇಕಾಗುತ್ತದೆ; ಬಿಟ್ಟೊಡನೆ ಗೋಜಲಿಗೆ ಮರಳುತ್ತವೆ. ಅಗಲವಾದ ರಬ್ಬರು ಪಟ್ಟಿಯೊಂದನ್ನು ಥಟ್ಟನೆ ಹಿಗ್ಗಿಸಿ ತುಟಿಗೆ ತಾಗಿಸಿದರೆ ಅದು ಬೆಚ್ಚಗಾಗಿರುವುದನ್ನು ವಾಚಕರು ತಾವೇ ಪರೀಕ್ಷಿಸಬಹುದು. ಸರಪಣಿಗಳು ಒಂದರ ಮೇಲೊಂದು ಜಾರಿಹೋಗದಂತೆ ಅಲ್ಲಲ್ಲಿ ಗಂಟುಹಾಕುವ ಉಪಾಯವನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕವನ್ನು ಬೆರೆಸಿ ಕಾಯಿಸುವುದರಿಂದ ಕಂಡುಕೊಂಡನು. 1844ರಲ್ಲಿ ಅದಕ್ಕೆ ಪೇಟೆಂಟನ್ನೂ ಪಡೆದನು.

ಆದರೆ ಈ ಗಂಟುಗಳು ಶಾಶ್ವತವಲ್ಲ. ತಿಂಗಳುಗಟ್ಟಲೆ ಬಿಸಿಲಿನಲ್ಲಿ ಒತ್ತಿದಂತೆಯೇ ಇದ್ದರೆ ಹಳೆಯ ಗಂಟುಗಳು ಕಳಚಿ, ಒತ್ತಿದ ಆಕಾರದಲ್ಲೇ ಹೊಸವು ಕಟ್ಟಿಕೊಳ್ಳುವುವು. ಆಗ ಒತ್ತಡ ತೆಗೆದರೂ ಅಂಚು ಮೇಲೇಳದು. ನಮ್ಮ ಮನೆಗಳ ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ಟು ವರ್ಷ ಕಳೆದಂತೆ ಗಟ್ಟಿಯಾಗಿ ಹಬೆಯನ್ನು ಬಿಡತೊಡಗುವುದು ಬಹುಮಟ್ಟಿಗೆ ಇದೇ ರೋಗ. ವಾಹನವನ್ನು ಬಳಸದೆ ನಿಲ್ಲಿಸಿದ ಕಾಲದಲ್ಲಿಯೂ ತಿಂಗಳಿಗೊಮ್ಮೆ ಕೋಣೆಯನ್ನು ಹೊರಕ್ಕೆ ಚಾಚಿ ಅಂಚಿಗೆ ಉಸಿರಾಡಲು ಎಡೆಕೊಡುವುದು ಒಳ್ಳೆಯದು.

ಬಿಸಿಲಲ್ಲದೆ ಓಝೋನ್ ಅನಿಲವೂ ರಬ್ಬರಿಗೆ ಶತ್ರು. ನೈಸರ್ಗಿಕ ರಬ್ಬರಿನ ಸರಪಣಿಯಲ್ಲಿರುವ ಜೋಡಿ ಬಂಧಗಳನ್ನು ಅದು ಕತ್ತರಿಸುತ್ತದೆ. ಬಾಗಿ ಬಿಗಿದ ಕಡೆ ಬಿರುಕುಗಳೇಳುತ್ತವೆ. ಈ ಕಾರಣದಿಂದ ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರನ್ನು ಇಲ್ಲಿ ಹೆಚ್ಚಾಗಿ ಬಳಸುತ್ತಾರೆ. ಇದರ ಮುಖ್ಯ ಸರಪಣಿಯಲ್ಲಿ ಜೋಡಿ ಬಂಧಗಳೇ ಇಲ್ಲ. ಬೆರೆಸಿದ ಇಂಗಾಲದ ಮಸಿ ನೇರಿಳಾತೀತ ಕಿರಣಗಳನ್ನು ಹೀರಿಕೊಳ್ಳುವುದರಿಂದ ಅಂಚು ಕಪ್ಪಗಿರುತ್ತದೆ. ಆದರೆ ಈ ರಬ್ಬರಿಗೂ ಒಂದು ದೌರ್ಬಲ್ಯವುಂಟು. ಪೆಟ್ರೋಲಿಯಂ ಎಣ್ಣೆಗಳು ರಚನೆಯಲ್ಲಿ ಅದರ ನೆಂಟರು. ಆದುದರಿಂದ ಅವು ಸುಲಭವಾಗಿ ಒಳಹೊಕ್ಕು ಅದನ್ನು ಉಬ್ಬಿಸಿ ಮೆತ್ತಗಾಗಿಸುತ್ತವೆ. ಅಂಚು ಕಿರುಗುಟ್ಟಿತೆಂದು ವ್ಯಾಸಲೀನು, ಗ್ರೀಸು, ಸೀಮೆಎಣ್ಣೆಗಳನ್ನು ಸವರುವವರು ಉಪಕಾರ ಮಾಡಹೋಗಿ ಅಪಕಾರ ಮಾಡಿದಂತಾಗುವುದು. ತಿಳಿ ಸಾಬೂನು ನೀರಿನಿಂದ ಧೂಳನ್ನು ತೊಳೆದು, ಒಣಗಿಸಿ, ತಯಾರಕರು ಹೇಳಿದ ಸಿಲಿಕೋನ್ ಲೇಪವನ್ನು ತೆಳ್ಳಗೆ ಹಚ್ಚಿದರೆ ಸಾಕು.

ರಬ್ಬರು ಎಷ್ಟೇ ಚೆನ್ನಾಗಿದ್ದರೂ ಸಂದು ಮಿತಿಮೀರಿ ಅಗಲವಾದರೆ ಅದು ನಿರುಪಾಯ. 4 ಮೀಟರು ಉದ್ದದ ಅಲ್ಯುಮಿನಿಯಂ ಚೌಕಟ್ಟು ಉಷ್ಣತೆ 40 ಡಿಗ್ರಿ ಏರಿದರೆ ಸುಮಾರು 3.7 ಮಿಲಿಮೀಟರು ಹಿಗ್ಗುವುದು. ಇಷ್ಟನ್ನು ಅಂಚು ಸಹಿಸಿಕೊಳ್ಳುತ್ತದೆ. ಕೋಣೆ ವಾಲುವುದು ಇದಕ್ಕಿಂತ ಕೆಟ್ಟದ್ದು. 2 ಮೀಟರು ಎತ್ತರದ ಕೋಣೆ ಕಾಲು ಡಿಗ್ರಿಯಷ್ಟು ಹೊರಕ್ಕೆ ವಾಲಿದರೂ, ಒಳಗೆಳೆದಾಗ ಅದರ ಮೇಲಂಚು ಗೋಡೆಯಿಂದ ಸುಮಾರು 9 ಮಿಲಿಮೀಟರು ದೂರ ಉಳಿಯುವುದು. ಮಳೆ ಬೀಳುವುದೂ ಅಲ್ಲಿಯೇ ತಾನೆ! ಇನ್ನು ವಾಹನ ಓಡುವಾಗ ಗಾಳಿಯ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಎದುರಾಗುವ ಗಾಳಿಯನ್ನು ಸಂಪೂರ್ಣವಾಗಿ ತಡೆದರೆ ಉಂಟಾಗುವ ಒತ್ತಡ ಸುಮಾರು 460 ಪಾಸ್ಕಲ್. ಅದು 47 ಮಿಲಿಮೀಟರು ನೀರಿನ ಕಂಬವನ್ನು ಎತ್ತಿಹಿಡಿಯಬಲ್ಲುದು. ಪಕ್ಕದ ಗೋಡೆಯ ಮೇಲೆ ಇಷ್ಟೂ ಬೀಳುವುದಿಲ್ಲ. ಆದರೂ ಗೋಡೆಯಿಂದ ತುಸು ಹೊರಚಾಚಿದ ಚೌಕಟ್ಟಿನ ಮುಂದಂಚಿನಲ್ಲಿ ಇದರ ಒಂದು ಪಾಲು ಇದ್ದೇ ಇರುವುದು. ನೀರು ಯಾವಾಗಲೂ ಕೆಳಮುಖವಾಗಿಯೇ ಹರಿಯುತ್ತದೆಂದು ನಂಬಿ ಕೂರುವಂತಿಲ್ಲ.

ವಾಹನ ನಿಂತ ನೆಲ ಓರೆಯಾಗಿದ್ದರೆ ಚೌಕಟ್ಟು ತಿರುಚಿಕೊಂಡು ಕೋಣೆ ಕಂಡಿಯಲ್ಲಿ ಸಿಕ್ಕಿಕೊಳ್ಳುವ ಸಂಭವವುಂಟು. ಗಾರೆಯವರ ರಸಮಟ್ಟದಂಥ ಸಾಧನದಿಂದ ವಾಹನವನ್ನು ಮಟ್ಟಸ ಮಾಡುವುದು ಕೋಣೆ ಚಾಚುವ ಮೊದಲೋ ಅನಂತರವೋ ಎಂಬುದು ವಾಹನದಿಂದ ವಾಹನಕ್ಕೆ ಬೇರೆ. ಕೈಪಿಡಿಯ ಕ್ರಮವನ್ನೇ ಅನುಸರಿಸತಕ್ಕದ್ದು. ಕೆಲವು ಕೋಣೆಗಳನ್ನು ಎರಡು ಬದಿಯ ಎರಡು ವಿದ್ಯುತ್ ಮೋಟಾರುಗಳು ಎಳೆಯುತ್ತವೆ. ಬ್ಯಾಟರಿ ಸೊರಗಿದ್ದರೆ, ಅಥವಾ ಕೋಣೆಯನ್ನು ನಡುವೆಯೇ ನಿಲ್ಲಿಸಿ ಹಿಂದೆ ಮುಂದೆ ಆಡಿಸಿದರೆ, ಒಂದರ ಹೆಜ್ಜೆ ಇನ್ನೊಂದಕ್ಕೆ ಹೊಂದದೆ ಕೋಣೆ ಓರೆಯಾಗಿ ಅಂಚನ್ನು ಒಂದು ಕಡೆ ಜಜ್ಜುತ್ತದೆ. ಒಳಗೆಳೆಯುವ ಮುನ್ನ ಏಣಿಯೇರಿ ಕೋಣೆಯ ಮಾಡಿನ ಮೇಲಿನ ಎಲೆ, ಕಡ್ಡಿ, ನಿಂತ ನೀರುಗಳನ್ನು ಗುಡಿಸಿ ತೆಗೆಯಬೇಕು. ಒಂದು ಕಡ್ಡಿ ಸಿಕ್ಕಿದರೂ ನಾಲಗೆಯಂಚು ಹರಿಯಬಹುದು. ಕೋಣೆ ನಿಂತ ಮೇಲೆ ಆ ನಾಲಗೆ ಎಲ್ಲಿಯಾದರೂ ಒಳಕ್ಕೆ ಮಡಿಸಿಕೊಂಡಿದೆಯೇ ಎಂದು ಸುತ್ತಲೂ ನೋಡಬೇಕು. ಮಡಿಸಿದ ನಾಲಗೆ ನೀರನ್ನು ತಡೆಯುವುದರ ಬದಲು ದೋಣಿಯಂತೆ ಒಳಗೆ ಹರಿಸುತ್ತದೆ.

ಎಲ್ಲಿ ಸೋರುತ್ತದೆಂದು ತಿಳಿಯಲು ರಾತ್ರಿ ಒಳಗೆ ಪ್ರಖರವಾದ ದೀಪವಿಟ್ಟು ಹೊರಗಿನಿಂದ ಸಂದುಗಳನ್ನು ನೋಡಿದರೆ ಬೆಳಕಿನ ಗೆರೆ ಕಾಣುವುದು. ತೆಳು ಕಾಗದದ ಪಟ್ಟಿಯನ್ನು ಅಂಚಿನಲ್ಲಿಟ್ಟು ಕೋಣೆಯನ್ನು ಒಳಗೆಳೆದು, ಬಳಿಕ ಕಾಗದವನ್ನು ಎಳೆದು ನೋಡುವುದೂ ಉಂಟು. ತಡೆಯಿಲ್ಲದೆ ಜಾರಿ ಬಂದರೆ ಅಲ್ಲಿ ಒತ್ತು ಸಾಲದು. ಆದರೆ ಅಂಥ ಕಡೆ ಮೇಣದಂಥ ಅಂಟನ್ನು ತುಂಬಿಬಿಡುವುದು ಸರಿಯಲ್ಲ. ಸರಿದಾಡುವ ಸಂದಿನಲ್ಲಿ ಅದು ನಿಲ್ಲುವುದೂ ಇಲ್ಲ, ಒಳಹೊಕ್ಕ ನೀರನ್ನು ಹೊರಹೋಗಗೊಡುವುದೂ ಇಲ್ಲ. ಮೂಲೆಗಳ ನೆಲವನ್ನು ಹಿಮ್ಮಡಿಯಿಂದ ಒತ್ತಿದಾಗ ಮೆತ್ತಗೆನಿಸಿದರೆ, ಹೊಸ ರಬ್ಬರನ್ನು ಕೂರಿಸುವ ಮೊದಲು ನೆಲಹಾಸನ್ನು ಎಬ್ಬಿಸಿ ಹಲಗೆಯನ್ನು ನೋಡತಕ್ಕದ್ದು.